ಶಿಳ್ಳೆ ಹೊಡೆದ ಮೇಲೆ ನಾಚಿಕೆಯೇಕೆ?

ಚಲನಚಿತ್ರಗಳನ್ನು ಕುರಿತ ನಮ್ಮ ಮಾತುಕತೆಗಾಗಿ ಚಿಕ್ಕೋಡಿಯಲ್ಲಿ ಸಭಿಕರನ್ನು ಸೇರಿಸಿದ್ದೆವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲ್ಲೂಕುಗಳಿಂದ ಜನ ಬಂದಿದ್ದರು. ಪ್ರಶ್ನೆ ಕೇಳುವ ಸರದಿ ಬಂದಾಗ ರಾಯಬಾಗದ ಕಡೆಯ ಶಿಕ್ಷಕರೊಬ್ಬರು ಎದ್ದು ನಿಂತರು.

“ಸರ್, ಸಾಲ್ಯಾಗ ಹುಡುಗೂರಿಗೆ ಹೊಡದಾಟದ ಪಿಚ್ಚರ್ ನೋಡಬ್ಯಾಡ್ರಿ ಅಂತ ನಾನ ಹೇಳತೀನ್ರಿ. ಆಮ್ಯಾಲ ನಾನ ಹೋಗಿ ‘ಕೆ.ಜಿ.ಎಫ್.’ ಎರಡು ಸಲ ನೋಡಿ ಬಂದೀನ್ರಿ. ಇದಕ್ಕ ಏನಂತೀರಿ?”

ಸಭೆ ನಕ್ಕಿತು. ಶಿಕ್ಷಕರು ನಗಲಿಲ್ಲ. ಅವರಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು. ಕಾರ್ಯಕ್ರಮದಲ್ಲಿ ಆ ಪ್ರಶ್ನೆಗೆ ಸಿಕ್ಕಿದ್ದು ಎರಡೇ ನಿಮಿಷ. ಉಳಿದ ಉತ್ತರವನ್ನು ಈ ಪುಟಗಳಲ್ಲಿ ಬರೆಯುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ.

ಮೊದಲಿಗೆ ನನ್ನದೂ ಒಂದು ತಪ್ಪೊಪ್ಪಿಗೆ. 2022ರ ಏಪ್ರಿಲ್ 14ರಂದು ‘ಕೆ.ಜಿ.ಎಫ್. ಚಾಪ್ಟರ್ 2’ ಬಿಡುಗಡೆಯಾಯಿತು. ಆ ವಾರವೇ ಅಕ್ಕನ ಮಗನನ್ನು ಕರೆದುಕೊಂಡು ಚಿಕ್ಕೋಡಿಯಲ್ಲಿ ಅದನ್ನು ನೋಡಿದೆ. ನಾಯಕ ದೊಡ್ಡದೊಂದು ಮಷಿನ್‌ಗನ್ ಹಿಡಿದು ಪೊಲೀಸ್ ಠಾಣೆಯ ಮೇಲೆ ಗುಂಡಿನ ಮಳೆಗರೆಯುತ್ತಾನೆ. ಕೊನೆಗೆ ಕೆಂಪಗೆ ಕಾದ ಅದರ ನಳಿಕೆಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ಚಿತ್ರದಲ್ಲಿ ಆ ಬಂದೂಕಿನ ಹೆಸರು ‘ದೊಡ್ಡಮ್ಮ’. ಆ ಕ್ಷಣಕ್ಕೆ ಇಡೀ ಚಿತ್ರಮಂದಿರ ಶಿಳ್ಳೆ ಹೊಡೆಯಿತು. ಹುಡುಗ ನನ್ನತ್ತ ತಿರುಗಿ, “ಮಾಮಾ, ನೀವೂ ಸೀಟಿ ಹೊಡದ್ರಿ!” ಎಂದ. ಬಿ.ಎಸ್ಸಿ. ಓದಿ, ಇಪ್ಪತ್ತು ವರ್ಷ ದೂರದರ್ಶನದ ಸಂಕಲನ ಕೊಠಡಿಯಲ್ಲಿ ಕುಳಿತ ನಾನು, ಯಾವ ದೃಶ್ಯವನ್ನು ಹೇಗೆ ಜೋಡಿಸಿದ್ದಾರೆಂದು ಬಲ್ಲ ನಾನು, ಶಿಳ್ಳೆ ಹೊಡೆದಿದ್ದೆ. ಹೊರಗೆ ಬಂದ ಮೇಲೆ ಸ್ವಲ್ಪ ನಾಚಿಕೆಯೂ ಆಯಿತು.

ಈ ನಾಚಿಕೆ ಯಾವುದರ ಬಗ್ಗೆ? ಇದನ್ನು ತಿಳಿಯಬೇಕಾದರೆ ಆ ಸುಖ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕಣ್ಣಿಗೆ ಮಾಡುವ ಮೋಡಿ

ಚಲನಚಿತ್ರ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಂತೆ ತೆರೆಯ ಮೇಲೆ ಓಡುತ್ತದೆ. ಕ್ಯಾಮೆರಾದಲ್ಲಿ ಸೆಕೆಂಡಿಗೆ 96 ಚಿತ್ರಗಳನ್ನು ತೆಗೆದು, ಅದನ್ನೇ 24ರ ವೇಗದಲ್ಲಿ ತೋರಿಸಿದರೆ ಒಂದು ಸೆಕೆಂಡಿನ ಘಟನೆ ನಾಲ್ಕು ಸೆಕೆಂಡು ನಡೆಯುತ್ತದೆ. ಇದೇ ಸ್ಲೋ ಮೋಷನ್. ಇಷ್ಟು ಎಲ್ಲರಿಗೂ ಗೊತ್ತು. ಆದರೆ ನಿಧಾನವಾಗಿ ನಡೆದು ಬರುವ ಮನುಷ್ಯ ನಮಗೆ ದೊಡ್ಡವನಾಗಿ ಏಕೆ ಕಾಣುತ್ತಾನೆ?

ಇದಕ್ಕೆ ಉತ್ತರ ಭೌತಶಾಸ್ತ್ರದಲ್ಲಿದೆ. ಸುಮಾರು 1.75 ಮೀಟರ್ ಎತ್ತರದ ಮನುಷ್ಯನ ತಲೆಯ ಮಟ್ಟದಿಂದ ಒಂದು ಕಲ್ಲನ್ನು ಬಿಟ್ಟರೆ ಅದು ನೆಲ ಮುಟ್ಟಲು 0.6 ಸೆಕೆಂಡು ಬೇಕು. ನಾಲ್ಕು ಪಟ್ಟು ನಿಧಾನಗೊಳಿಸಿದಾಗ ಅದೇ ಕಲ್ಲು 2.4 ಸೆಕೆಂಡು ತೆಗೆದುಕೊಳ್ಳುತ್ತದೆ. ನಿಜ ಜೀವನದಲ್ಲಿ 2.4 ಸೆಕೆಂಡಿನಲ್ಲಿ ಕಲ್ಲು ಬೀಳುವುದು ಸುಮಾರು 28 ಮೀಟರ್ ಎತ್ತರದಿಂದ. ಅಂದರೆ ಎಂಟೊಂಬತ್ತು ಮಹಡಿಯ ಕಟ್ಟಡದ ನೆತ್ತಿಯಿಂದ. ಹಗುರವಾದದ್ದು, ಚಿಕ್ಕದು ಬೇಗ ಚಲಿಸುತ್ತದೆ. ಭಾರವಾದದ್ದು, ದೊಡ್ಡದು ನಿಧಾನವಾಗಿ ಬಾಗುತ್ತದೆ, ನಿಧಾನವಾಗಿ ಉರುಳುತ್ತದೆ. ಹುಟ್ಟಿದಂದಿನಿಂದ ನಮ್ಮ ಕಣ್ಣು ಇದನ್ನು ಕಲಿತುಕೊಂಡಿದೆ. ಆದ್ದರಿಂದ ಸ್ಲೋ ಮೋಷನ್‌ನಲ್ಲಿ ಬರುವ ನಾಯಕನನ್ನು ಮಿದುಳು ಬುದ್ಧಿಗೆ ತಿಳಿಸದೆಯೇ ಒಬ್ಬ ದೈತ್ಯನೆಂದು ಲೆಕ್ಕ ಹಾಕಿಬಿಡುತ್ತದೆ. ಆಟಿಕೆಯಂಥ ಪುಟ್ಟ ಹಡಗನ್ನು ತೆರೆಯ ಮೇಲೆ ದೊಡ್ಡ ಹಡಗಾಗಿ ತೋರಿಸಲು ಸಿನಿಮಾದವರು ಬಹಳ ಕಾಲದಿಂದ ಬಳಸಿದ್ದು ಇದೇ ಉಪಾಯವನ್ನು.

ಇದರ ಮೇಲೆ ಬೆಳಕಿನ ಕೆಲಸ. ‘ಕೆ.ಜಿ.ಎಫ್.’ನ ಛಾಯಾಗ್ರಾಹಕ ಭುವನ್ ಗೌಡ ಅವರು ಕಪ್ಪು, ಕಂದು ಮತ್ತು ಕೆಂಡದ ಬಣ್ಣಗಳಲ್ಲಿಯೇ ಚಿತ್ರದ ಬಹುಭಾಗವನ್ನು ಕಟ್ಟಿದ್ದಾರೆ. ಬೆಳಕು ವ್ಯಕ್ತಿಯ ಹಿಂದಿನಿಂದ ಬರುತ್ತದೆ. ನಡುವೆ ಧೂಳು, ಹೊಗೆ. ಮುಖ ಪೂರ್ತಿ ಕಾಣುವುದಿಲ್ಲ, ಅಂಚು ಮಾತ್ರ ಹೊಳೆಯುತ್ತದೆ. ಕ್ಯಾಮೆರಾ ನೆಲದ ಹತ್ತಿರ ಕುಳಿತು ಮೇಲೆ ನೋಡುತ್ತದೆ. ಎರಡನೆಯ ಭಾಗವನ್ನು ಸಂಕಲನ ಮಾಡಿದ ಉಜ್ವಲ್ ಕುಲಕರ್ಣಿ ಆಗಿನ್ನೂ ಬಹಳ ಚಿಕ್ಕ ವಯಸ್ಸಿನವರಾಗಿದ್ದರು. ಅದರಲ್ಲಿನ ಕಾರಿನ ಬೆನ್ನಟ್ಟುವಿಕೆಯ ದೃಶ್ಯದಲ್ಲಿ ತೆರೆ ಮತ್ತೆ ಮತ್ತೆ ಪೂರ್ತಿ ಕಪ್ಪಾಗುತ್ತದೆ. ಆ ಕತ್ತಲಲ್ಲಿ ಏನಾಯಿತೆಂದು ನಾವೇ ಊಹಿಸಿಕೊಳ್ಳುತ್ತೇವೆ. ಅಲ್ಲಿ ಹೊಡೆತದ ಅರ್ಧ ಭಾಗ ನಡೆಯುವುದು ನಮ್ಮ ತಲೆಯೊಳಗೆ.

ಕಿವಿಗೆ ಮಾಡುವ ಮೋಡಿ

ನಿಜವಾದ ಗುದ್ದಿಗೆ ಅಷ್ಟೇನೂ ಶಬ್ದವಿಲ್ಲ. ಸಿನಿಮಾದ ‘ಢಿಶುಂ’ ಹುಟ್ಟುವುದು ಶಬ್ದದ ಸ್ಟುಡಿಯೋದಲ್ಲಿ. ಬೇರೆ ಬೇರೆ ವಸ್ತುಗಳನ್ನು ಬಡಿದು, ಮುರಿದು, ಆ ಧ್ವನಿಗಳನ್ನು ಒಂದರ ಮೇಲೊಂದು ಕೂಡಿಸುತ್ತಾರೆ. ಅದಕ್ಕೆ ಮುನ್ನ ಒಂದು ಕ್ಷಣದ ಮೌನವನ್ನು ಇಡುತ್ತಾರೆ. ಥಟ್ಟನೆ ಬಂದ ದೊಡ್ಡ ಸದ್ದಿಗೆ ದೇಹ ಬೆಚ್ಚುವುದು ಸಹಜ ಪ್ರತಿಕ್ರಿಯೆ. ಬುದ್ಧಿಯ ಅಪ್ಪಣೆಗೆ ಅದು ಕಾಯುವುದಿಲ್ಲ. ಎದೆಬಡಿತ ಏರುತ್ತದೆ, ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಓಡಲು ಅಥವಾ ಹೋರಾಡಲು ದೇಹ ಸಿದ್ಧವಾಗುತ್ತದೆ. ಆದರೆ ನಾವು ಟಿಕೆಟ್ ಪಡೆದು ಕುರ್ಚಿಯಲ್ಲಿ ಕುಳಿತಿದ್ದೇವೆ. ಹೋಗಲು ದಾರಿಯಿಲ್ಲದ ಆ ಶಕ್ತಿ ಶಿಳ್ಳೆಯಾಗಿ, ಚಪ್ಪಾಳೆಯಾಗಿ ಹೊರಬೀಳುತ್ತದೆ.

ರವಿ ಬಸ್ರೂರು ಅವರ ಸಂಗೀತ ಮಾಡುವುದೂ ಇದನ್ನೇ. ನಗಾರಿಯಂಥ ತಳದ ಧ್ವನಿಗಳನ್ನು ಕಿವಿ ಕೇಳುವುದಷ್ಟೇ ಅಲ್ಲ, ಎದೆಗೂಡು ಅನುಭವಿಸುತ್ತದೆ. ಅದರ ಮೇಲೆ ನೂರಾರು ಗಂಟಲು ಒಟ್ಟಿಗೆ ಕೂಗಿದಂತಹ ಮೇಳ. ಜಾತ್ರೆಯಲ್ಲಿ ಡೊಳ್ಳಿನ ಪಕ್ಕ ನಿಂತವರಿಗೆ ಈ ಅನುಭವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಗಡಿಭಾಗದಲ್ಲಿ ಇದಕ್ಕೊಂದು ಒಳ್ಳೆಯ ಪರೀಕ್ಷೆಯೂ ನಡೆದಿದೆ. ಈ ಚಿತ್ರ ಕನ್ನಡ, ಹಿಂದಿ, ತೆಲುಗು, ತಮಿಳು, ಮಲಯಾಳಂ ಹೀಗೆ ಐದು ಭಾಷೆಗಳಲ್ಲಿ ಬಂತು. ಕಾಗವಾಡದ ಗೆಳೆಯರೊಬ್ಬರು ಅದನ್ನು ಇಲ್ಲಿ ಕನ್ನಡದಲ್ಲಿ ನೋಡಿ, ಆಮೇಲೆ ಹತ್ತಿರದ ಮಿರಜಿನ ಕಡೆ ನೆಂಟರೊಂದಿಗೆ ಹಿಂದಿಯಲ್ಲಿಯೂ ನೋಡಿದರು. ಮಾತು ಬೇರೆಯಾಗಿತ್ತು, ಶಿಳ್ಳೆ ಮಾತ್ರ ಅದೇ ಅದೇ ಜಾಗಗಳಲ್ಲಿ ಬಿತ್ತು ಎಂದು ಅವರು ಹೇಳಿದರು. ಶಿಳ್ಳೆ ಮಾತಿಗೆ ಬಿದ್ದದ್ದಲ್ಲ, ಕೈಕೆಲಸಕ್ಕೆ ಬಿದ್ದದ್ದು.

ಒಂದು ಗುದ್ದಿನ ಲೆಕ್ಕ

ಈ ಐದು ತಾಲ್ಲೂಕುಗಳಲ್ಲಿ ಕುಸ್ತಿ ನೋಡದವರು ಕಡಿಮೆ. ಜಾತ್ರೆ ಬಂದರೆ ಮೈದಾನ ಸಿದ್ಧ. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಆದ್ದರಿಂದ ಸಿನಿಮಾದ ಹೊಡೆದಾಟ ಸುಳ್ಳೆಂದು ಇಲ್ಲಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಲೆಕ್ಕ ಹಾಕಿ ನೋಡೋಣ.

ಪಳಗಿದವನ ಮುಷ್ಟಿ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಬರುತ್ತದೆ ಎನ್ನೋಣ. ಹೊಡೆತದಲ್ಲಿ ಪಾಲುಗೊಳ್ಳುವ ಮುಷ್ಟಿ ಮತ್ತು ತೋಳಿನ ತೂಕ 3 ಕಿಲೋ ಎಂದು ಹಿಡಿಯೋಣ. ಎರಡನ್ನೂ ಗುಣಿಸಿದರೆ ಸಂವೇಗ 24. ಇದು 70 ಕಿಲೋ ತೂಕದ ಮನುಷ್ಯನಿಗೆ ಪೂರ್ತಿ ವರ್ಗವಾದರೂ ಅವನಿಗೆ ಸಿಗುವ ವೇಗ ಸೆಕೆಂಡಿಗೆ ಸುಮಾರು ಮೂರನೆಯ ಒಂದು ಮೀಟರ್. ಅಂದರೆ ಅವನು ಒಂದು ಹೆಜ್ಜೆ ಹಿಂದೆ ತತ್ತರಿಸಬಹುದು. ಸಿನಿಮಾದಲ್ಲಿಯಂತೆ ಐದು ಮೀಟರ್ ದೂರ ಹಾರಿ ಬೀಳಬೇಕಾದರೆ ಸೆಕೆಂಡಿಗೆ ಕನಿಷ್ಠ 7 ಮೀಟರ್ ವೇಗ ಬೇಕು. ಗುದ್ದು ಇಪ್ಪತ್ತು ಪಟ್ಟು ದೊಡ್ಡದಾಗಬೇಕು. ಆಗ ನ್ಯೂಟನ್ನನ ಮೂರನೆಯ ನಿಯಮದಂತೆ ನಾಯಕನೂ ಅಷ್ಟೇ ಬಲದಿಂದ ಹಿಂದಕ್ಕೆ ಎಸೆಯಲ್ಪಡಬೇಕು! ತೆರೆಯ ಮೇಲೆ ಎದುರಾಳಿ ಹಾರುವುದು ಗುದ್ದಿನಿಂದಲ್ಲ, ಅವನ ಸೊಂಟಕ್ಕೆ ಕಟ್ಟಿದ ತಂತಿಯಿಂದ. ಆ ತಂತಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ.

ಇದೂ ಪರಿಶ್ರಮದ ಕೆಲಸವೇ. ಹಾರುವವನು ನಿಜವಾದ ಮನುಷ್ಯ, ಅವನು ಬೀಳುವುದು ನಿಜವಾದ ನೆಲದ ಮೇಲೆ. 2018ರ ‘ಕೆ.ಜಿ.ಎಫ್. ಚಾಪ್ಟರ್ 1’ಕ್ಕೆ 66ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಬಂದ ಮನ್ನಣೆ ಸಾಹಸ ನಿರ್ದೇಶನಕ್ಕೆ ಮತ್ತು ವಿಶೇಷ ಪರಿಣಾಮಗಳಿಗೆ. ತೀರ್ಪುಗಾರರು ಮೆಚ್ಚಿದ್ದು ಕಸುಬನ್ನು ಎಂಬುದನ್ನು ಗಮನಿಸಬೇಕು.

ಹಳೆಯ ಆಟ, ಹೊಸ ವೇಷ

ಇನ್ನು ಕಥೆ. ನಿರ್ದೇಶಕ ಪ್ರಶಾಂತ್ ನೀಲ್ ಅವರ ಈ ಕಥೆಯನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದು. ತಾಯಿಗೆ ಮಾತು ಕೊಟ್ಟ ಬಡ ಹುಡುಗ ಮುಂಬಯಿಗೆ ಹೋಗಿ ಬಲಶಾಲಿಯಾಗುತ್ತಾನೆ, ಚಿನ್ನದ ಗಣಿಯೊಂದರ ಕ್ರೂರ ಒಡೆಯನನ್ನು ಕೊಂದು ತಾನೇ ಒಡೆಯನಾಗುತ್ತಾನೆ. ಪಾತ್ರಗಳು ಬೆಳೆಯುವುದಿಲ್ಲ, ಅನುಮಾನಿಸುವುದಿಲ್ಲ. ಯಶ್ ನಡೆದು ಬರುವುದೇ ಒಂದು ಘಟನೆ.

ಆದರೆ ಅವರು ಬರುವ ಮೊದಲೇ ನಾವು ಅವರನ್ನು ಒಪ್ಪಿಕೊಂಡಿರುತ್ತೇವೆ. ಅದು ಹೇಗೆ? ಮೊದಲ ಭಾಗದಲ್ಲಿ ಅನಂತ್ ನಾಗ್, ಎರಡನೆಯದರಲ್ಲಿ ಪ್ರಕಾಶ್ ರೈ ಕಥೆ ಹೇಳುತ್ತಾರೆ. ಆ ಪಾತ್ರಗಳ ಮನೆತನದ ಹೆಸರು ‘ಇಂಗಳಗಿ’, ನಮ್ಮ ಉತ್ತರ ಕರ್ನಾಟಕದ್ದೇ. ನಾಯಕ ಏನನ್ನೂ ಮಾಡುವ ಮುಂಚೆ ಅವನೆಂಥವನೆಂದು ಇವರು ಹೊಗಳುತ್ತಾರೆ. ದೊಡ್ಡಾಟ ನೋಡಿದವರಿಗೆ ಇದು ಹಳೆಯ ಪರಿಚಯ. ಅಲ್ಲಿ ಸಾರಥಿ ಮುಂದೆ ಬಂದು, ತಾವು ಯಾರು, ಯಾವ ದೇಶದವರು ಎಂದು ವಿಚಾರಿಸುತ್ತಾನೆ. ರಾಜ ಕಿರೀಟ ಅಲುಗಿಸುತ್ತಾ ತನ್ನ ಬಿರುದುಗಳನ್ನು ಹೇಳಿಕೊಳ್ಳುತ್ತಾನೆ. ಯುದ್ಧ ಆಮೇಲೆ. 1968ರಲ್ಲಿ ದೊರೈ–ಭಗವಾನ್ ಅವರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಬಂದಾಗ ನಮ್ಮ ಹಿರಿಯರು ಪಟ್ಟದ್ದೂ ಇದೇ ಬಗೆಯ ಸಂತೋಷವನ್ನು.

ಹೀಗಿರುವಾಗ ಈ ಸುಖಕ್ಕೆ ನಾಚಬೇಕಾದ ಕಾರಣವಿಲ್ಲ. ಅಥಣಿಯ ಚಪ್ಪಲಿ ಕೊಳ್ಳುವವರು ಅದರ ಹೆಣಿಗೆ, ಹದ ಮಾಡಿದ ಚರ್ಮ, ನಡೆದಾಗ ಬರುವ ಸದ್ದನ್ನು ಮೆಚ್ಚಿ ಕೊಳ್ಳುತ್ತಾರೆ. ಅದರಿಂದ ನೀತಿಪಾಠವನ್ನು ಯಾರೂ ನಿರೀಕ್ಷಿಸುವುದಿಲ್ಲ. ಚೆನ್ನಾಗಿ ಮಾಡಿದ ಹೊಡೆದಾಟದ ದೃಶ್ಯವೂ ನೂರಾರು ಕೈಗಳ ಕಸುಬು. ಮೆಚ್ಚುವುದು ತಪ್ಪಲ್ಲ.

ಆದರೆ ನನ್ನ ನಾಚಿಕೆ ಇಷ್ಟಕ್ಕೇ ಹೋಗಲಿಲ್ಲ. ಅದಕ್ಕೆ ಕಾರಣ ನನ್ನ ದೊಡ್ಡವ್ವ.

ದೊಡ್ಡವ್ವ ಕೇಳಿದ ಪ್ರಶ್ನೆ

ಸಿನಿಮಾ ನೋಡಿದ ಸಂಜೆಯೇ ಹುಡುಗನೊಂದಿಗೆ ನಿಪ್ಪಾಣಿಗೆ ಹೋಗಿದ್ದೆ. ನಮ್ಮ ತಾಯಿಯ ಅಕ್ಕ ಅಲ್ಲಿರುತ್ತಾರೆ. ಚಿಕ್ಕಂದಿನಿಂದ ತಂಬಾಕಿನ ವಖಾರಿಗಳಲ್ಲಿ ದುಡಿದವರು. ಸೊಪ್ಪು ಬಡಿದು, ಜರಡಿ ಹಿಡಿದು, ಘಾಟನ್ನು ಉಸಿರಾಡಿ ಸಂಪಾದಿಸಿದ ಕೆಮ್ಮು ಇಂದಿಗೂ ಅವರ ಜೊತೆಗಿದೆ. ನಿಪ್ಪಾಣಿಯದು ಬೀಡಿಯ ತಂಬಾಕು, ಸಿಗರೇಟಿನದಲ್ಲ. ಪುಪ್ಪುಸಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಹುಡುಗ ಅವರ ಮುಂದೆ ಇಡೀ ಸಿನಿಮಾ ಆಡಿ ತೋರಿಸಿದ. ಬಂದೂಕಿನ ಹೆಸರು ದೊಡ್ಡಮ್ಮ ಎಂದಾಗ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಕೇಳಿದರು:

“ಅಲ್ಲೋ, ಆ ಗಣಿಯಾಗ ದುಡಿಯೋ ಮಂದಿ ಅಷ್ಟೊತ್ತನಕ ಏನ್ ಮಾಡತಿದ್ರು?”

“ನಿಂತು ನೋಡತಿದ್ರು, ಆಯಿ.”

“ಬರೇ ನಿಂತಿದ್ರಾ?”

ಹುಡುಗನಲ್ಲಿ ಉತ್ತರವಿರಲಿಲ್ಲ. ನನ್ನಲ್ಲಿಯೂ ಇರಲಿಲ್ಲ. ನೆನಪಿಸಿಕೊಂಡು ನೋಡಿದೆ. ಆ ಚಿತ್ರಗಳಲ್ಲಿ ಸಾವಿರಾರು ಕಾರ್ಮಿಕರಿದ್ದಾರೆ. ಏಟು ತಿನ್ನುತ್ತಾರೆ, ಅಳುತ್ತಾರೆ, ಒಬ್ಬನಿಗಾಗಿ ಕಾಯುತ್ತಾರೆ, ಅವನು ಬಂದಾಗ ಜಯಕಾರ ಹಾಕುತ್ತಾರೆ. ಎರಡನೆಯ ಭಾಗದಲ್ಲಿ ಅವರ ಕೈಗೂ ಬಂದೂಕು ಬರುತ್ತದೆ, ಅದೂ ಅವನ ಅಪ್ಪಣೆಯಂತೆ. ಅವರು ತಾವೇ ಕೂಡಿ ಕುಳಿತು ಮಾತಾಡಿ, ತಾವೇ ಒಂದು ತೀರ್ಮಾನಕ್ಕೆ ಬಂದದ್ದು ನನಗೆ ನೆನಪಾಗಲಿಲ್ಲ.

ಚಿತ್ರದ ಕಥೆ ಕಲ್ಪಿತವಾದದ್ದು, ನಿಜ. ಆದರೆ ಹೆಸರು ನಿಜವಾದ ಊರಿನದು. ನಿಜವಾದ ಕೋಲಾರ ಚಿನ್ನದ ಗಣಿಯನ್ನು 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ತು ಬಂತು. ಕಾರ್ಮಿಕರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಬಂಡೆ ಸಿಡಿದು ಸತ್ತರು, ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಬಂದು ಸತ್ತರು. ಅವರೇ 1930ರಲ್ಲಿ, ಹೆಬ್ಬೆರಳ ಗುರುತು ಕೊಡಬೇಕೆಂಬ ನಿಯಮವನ್ನು ವಿರೋಧಿಸಿ ಸಾವಿರಾರು ಸಂಖ್ಯೆಯಲ್ಲಿ ಕೆಲಸ ನಿಲ್ಲಿಸಿದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಚಿತ್ರೀಕರಣ ನಡೆದ ಸೈನೈಡ್ ದಿಬ್ಬಗಳು ಅವರು ಅಗೆದು ತೆಗೆದ ಅದಿರಿನ ಉಳಿಕೆ. ತೆರೆಯ ಮೇಲೆ ಅಷ್ಟು ಸುಂದರವಾಗಿ ಹಾರುವ ಧೂಳಿನ ಹಿಂದೆ ಈ ಕಥೆಯಿದೆ.

ನಿಪ್ಪಾಣಿಯದೂ ಹಾಗೆಯೇ. ವಖಾರಿಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಹೆಂಗಸರು 1980ರ ಆಸುಪಾಸಿನಲ್ಲಿ ಸಂಘ ಕಟ್ಟಿದರು. ಕೂಲಿಗಾಗಿ, ಕೆಲಸದ ಹೊತ್ತಿಗಾಗಿ, ಮರ್ಯಾದೆಗಾಗಿ ಧರಣಿ ಕುಳಿತರು. ದೊಡ್ಡವ್ವನೂ ಕುಳಿತಿದ್ದರು. ಈ ಹೆಂಗಸರೊಂದಿಗೇ ಕೂಡಿ ದೀಪಾ ಧನರಾಜ್ ಮತ್ತು ಸಂಗಡಿಗರ ‘ಯುಗಾಂತರ’ ತಂಡ 1982ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿತು. ‘ತಂಬಾಕು ಚಾಕಿಲಾ ಊಬ್ ಆಲೀ’ ಎಂದು ಅದರ ಮರಾಠಿ ಹೆಸರು. ಅರ್ಧ ತಾಸೂ ಇಲ್ಲದ ಆ ಚಿತ್ರದಲ್ಲಿ ಯಾರೂ ಗಾಳಿಯಲ್ಲಿ ಹಾರುವುದಿಲ್ಲ. ಹೆಂಗಸರು ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ, ನಡೆದದ್ದನ್ನು ತಾವೇ ಆಡಿ ತೋರಿಸುತ್ತಾರೆ. ವರ್ಷಗಳ ಮೇಲೆ ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಅದನ್ನು ಮತ್ತೆ ಸರಿಪಡಿಸಿ ಉಳಿಸಿತು.

1981ರಲ್ಲಿ ಇದೇ ನಿಪ್ಪಾಣಿಯಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಯೋಗ್ಯ ಬೆಲೆಗಾಗಿ ಹೆದ್ದಾರಿಯಲ್ಲಿ ವಾರಗಟ್ಟಲೆ ಕುಳಿತರು. ಏಪ್ರಿಲ್ 6ರಂದು ಗೋಲಿಬಾರು ನಡೆದು ರೈತರು ಪ್ರಾಣ ಕಳೆದುಕೊಂಡರು. ಈ ಭಾಗದ ಹಿರಿಯರು ಗುಂಡಿನ ಸದ್ದನ್ನು ಹೀಗೂ ಕೇಳಿದ್ದಾರೆ. ಅದು ನಿಧಾನಗತಿಯಲ್ಲಿ ನಡೆಯಲಿಲ್ಲ, ಅದಕ್ಕೆ ಹಿನ್ನೆಲೆ ಸಂಗೀತವಿರಲಿಲ್ಲ.

ಶಿಕ್ಷಕರಿಗೆ ಉತ್ತರ

ಹಾಗಾದರೆ ಇಂಥ ಚಿತ್ರ ನೋಡಬಾರದೇ? ಖಂಡಿತ ನೋಡಬಹುದು. ಮಕ್ಕಳಿಗೆ ವಯಸ್ಸಿನ ಪ್ರಮಾಣಪತ್ರವನ್ನು ಅನುಸರಿಸುವುದು ಒಂದು. ಉಳಿದಂತೆ ಬರೀ “ನೋಡಬೇಡಿ” ಎಂದರೆ ಅವರು ಕದ್ದು ನೋಡುತ್ತಾರೆ, ನಾವು ನಾಚುತ್ತಾ ನೋಡುತ್ತೇವೆ. ಎರಡರಿಂದಲೂ ಪ್ರಯೋಜನವಿಲ್ಲ.

ಕೆಟ್ಟದ್ದು ಶಿಳ್ಳೆಯಲ್ಲ. ಶಿಳ್ಳೆಯ ಸಂಭ್ರಮದಲ್ಲಿ ಚಿತ್ರ ಒಂದು ಮಾತನ್ನು ನಮ್ಮಿಂದ ಒಪ್ಪಿಸಿಕೊಂಡುಬಿಡುತ್ತದೆ: ಬಹಳ ಜನ ಕೈಲಾಗದವರು, ಒಬ್ಬ ಬಲಶಾಲಿ ಬಂದು ಹೊಡೆದರೆ ಮಾತ್ರ ಅವರಿಗೆ ದಾರಿ. ಕಣ್ಣಿಗೂ ಕಿವಿಗೂ ಕೊಟ್ಟ ಸುಖದ ಬೆಲೆಯಾಗಿ ಈ ಮಾತನ್ನು ನಾವು ಒಪ್ಪಬೇಕಾಗಿಲ್ಲ. ಟಿಕೆಟಿನ ಹಣವನ್ನು ಆಗಲೇ ಕೊಟ್ಟಿದ್ದೇವೆ!

ಶಿಕ್ಷಕರಿಗೆ ನನ್ನ ಸಲಹೆ ಎರಡು. ಮಕ್ಕಳಿಗೆ ಹೊಡೆದಾಟದ ಒಂದು ಚಿಕ್ಕ ದೃಶ್ಯವನ್ನು ಶಬ್ದ ನಿಲ್ಲಿಸಿ ತೋರಿಸಿ. ಮೋಡಿ ಎಲ್ಲೆಲ್ಲಿ ಕೂತಿದೆ ಎಂಬುದು ಅವರಿಗೇ ತಿಳಿಯುತ್ತದೆ. ಹತ್ತನೆಯ ತರಗತಿಯವರಾದರೆ ಗುದ್ದಿನ ಲೆಕ್ಕವನ್ನೂ ಮಾಡಿಸಿ. ಎರಡನೆಯದಾಗಿ, ಅದೇ ದೃಶ್ಯವನ್ನು ಶಬ್ದದೊಂದಿಗೆ ಮತ್ತೆ ಹಾಕಿ, ಈ ಸಲ ನಾಯಕನನ್ನು ಬಿಟ್ಟು ಅವನ ಹಿಂದೆ ನಿಂತಿರುವ ಜನರನ್ನು ನೋಡಲು ಹೇಳಿ. ನಮ್ಮ ದೊಡ್ಡವ್ವ ಕೇಳಿದ್ದನ್ನೇ ಕೇಳಿ: ಇವರು ಇಷ್ಟು ಹೊತ್ತು ಏನು ಮಾಡುತ್ತಿದ್ದರು?

ನಮ್ಮ ಹುಡುಗ ಈಗ ಪ್ರತಿ ಸಿನಿಮಾಕ್ಕೂ ಇದನ್ನು ಕೇಳುತ್ತಾನೆ. ಶಿಳ್ಳೆಯನ್ನೇನೂ ಬಿಟ್ಟಿಲ್ಲ. ನಾನೂ ಬಿಟ್ಟಿಲ್ಲ.